ಎಳೆಯ ನಾಯಿಯ ಹೊಟ್ಟೆಯಲ್ಲೊಂದು ಗಂತಿ

ನಿಮ್ಮ ಮನೆಯಲ್ಲಿ ಒಂದು ನಾಯಿ ಇದೆಯೆಂದು ಇಟ್ಟುಕೊಳ್ಳೋಣ. ಹೆಸರು ಮೋತಿ, ವಯಸ್ಸು ಒಂದು ವರ್ಷ ಮೂರು ತಿಂಗಳು. ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ ಬಾಗಿಲ ಬಳಿ ಕಾದು ನಿಲ್ಲುವ ಪ್ರಾಣಿ. ಈಗ ಕೆಲವು ದಿನಗಳಿಂದ ಅದು ಎದ್ದು ಬರುತ್ತಿಲ್ಲ. ಮಲಗಿದಲ್ಲಿಂದಲೇ ಬಾಲ ಅಲ್ಲಾಡಿಸುತ್ತದೆ. ಅನ್ನ ಹಾಕಿದರೆ ಮೂಸಿ ನೋಡಿ ಅರ್ಧ ಬಿಡುತ್ತದೆ. ಬೆನ್ನಿನ ಮೂಳೆ ಕೈಗೆ ಹತ್ತುತ್ತಿದೆ. ಹೊಟ್ಟೆ ಮಾತ್ರ ದಪ್ಪವಾಗಿದೆ. “ಹುಳು ಇರಬೇಕು” ಎನ್ನುತ್ತಾರೆ ನೆರೆಮನೆಯವರು. ನೀವೂ ಹುಳುವಿನ ಮಾತ್ರೆ ತಂದು ಬಾಳೆಹಣ್ಣಿನಲ್ಲಿಟ್ಟು ನುಂಗಿಸುತ್ತೀರಿ. ವಾರ ಕಳೆದರೂ ಹೊಟ್ಟೆ ಇಳಿಯುವುದಿಲ್ಲ. ಕೊನೆಗೆ ಪಶುವೈದ್ಯರ ಬಳಿಗೆ ಕರೆದೊಯ್ಯುತ್ತೀರಿ. ಅವರು ಎರಡು ಕೈಗಳಿಂದಲೂ ಹೊಟ್ಟೆಯನ್ನು ಮೆಲ್ಲಗೆ ಒತ್ತಿ ನೋಡುತ್ತ, ಒಂದೆಡೆ ಕೈ ನಿಲ್ಲಿಸಿ, “ಒಳಗೆ ಏನೋ ಗಟ್ಟಿಯಾಗಿ ಸಿಗುತ್ತಿದೆ” ಎನ್ನುತ್ತಾರೆ.

ಈ ಮಾತು ಕಿವಿಗೆ ಬಿದ್ದೊಡನೆ ಮನೆಯವರ ಮನಸ್ಸು ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುವುದುಂಟು. ಒಂದು: “ಏನಾದರೂ ಸೂಜಿಮದ್ದು ಕೊಡಿ ಡಾಕ್ಟರೆ, ಗುಣವಾದರೆ ಆಯಿತು.” ಇನ್ನೊಂದು: “ಗಂತಿಯೆ? ಹಾಗಾದರೆ ಕ್ಯಾನ್ಸರೇ ಸರಿ. ಇನ್ನು ಏನು ಮಾಡಿ ಫಲವೇನು?” ಎರಡೂ ಅವಸರದ ಮಾತುಗಳೇ. ರೋಗದ ಹೆಸರು ತಿಳಿಯುವ ಮೊದಲೇ ಚಿಕಿತ್ಸೆ ಬೇಡುವುದು ಒಂದು ತಪ್ಪು. ಹೆಸರು ತಿಳಿಯುವ ಮೊದಲೇ ಆಸೆ ಬಿಡುವುದು ಮತ್ತೊಂದು. ಎಳೆಯ ನಾಯಿಗಳ ಹೊಟ್ಟೆಯಲ್ಲಿ ಅಪರೂಪವಾಗಿ ಕಾಣಿಸುವ ನರಗಂತಿಗಳ ವಿಷಯದಲ್ಲಿ ಈ ಮಾತು ವಿಶೇಷವಾಗಿ ಸಲ್ಲುತ್ತದೆ. ಅವುಗಳ ಹೆಸರನ್ನು ಕೈಯಿಂದ ಮುಟ್ಟಿಯಾಗಲಿ, ಚಿತ್ರ ತೆಗೆದಾಗಲಿ ಖಚಿತವಾಗಿ ಹೇಳಲು ಬರುವುದಿಲ್ಲ. ಗಂತಿಯ ತುಣುಕೊಂದು ಸೂಕ್ಷ್ಮದರ್ಶಕದ ಕೆಳಗೆ ಹೋಗಿಯೇ ತೀರಬೇಕು. ಏಕೆ ಎಂಬುದನ್ನು ನೋಡೋಣ.

ಮೊದಲು ಸಾಮಾನ್ಯವಾದದ್ದನ್ನು ಹೇಳಬೇಕು. ಎಳೆಯ ನಾಯಿಯ ಹೊಟ್ಟೆ ಊದಿದ್ದಕ್ಕೆಲ್ಲ ಗಂತಿಯೇ ಕಾರಣವಲ್ಲ. ಹುಳುವಿನ ಬಾಧೆ ನಿಜವಾಗಿಯೂ ಉಂಟು. ಉಣ್ಣೆಯಿಂದ ಬರುವ ಜ್ವರಗಳಲ್ಲಿ ಗುಲ್ಮ ದೊಡ್ಡದಾಗುತ್ತದೆ. ಮಾವಿನ ಓಟೆ, ಬಟ್ಟೆಯ ಚೂರು, ಮಕ್ಕಳ ಆಟದ ಚೆಂಡು ಕರುಳಿನಲ್ಲಿ ಸಿಕ್ಕಿಕೊಂಡರೆ ಅದೂ ಕೈಗೆ ಗಂಟಿನಂತೆಯೇ ತೋರುತ್ತದೆ. ಕರುಳಿನ ಒಂದು ಭಾಗ ಇನ್ನೊಂದರೊಳಗೆ ತೂರಿಕೊಳ್ಳುವುದೂ ಮರಿಗಳಲ್ಲಿ ಕಾಣುವ ತೊಂದರೆ. ಹೊಟ್ಟೆಯಲ್ಲಿ ನೀರು ತುಂಬಬಹುದು. ಹೆಣ್ಣುನಾಯಿಯಾದರೆ ಬಸಿರೂ ಇರಬಹುದು. ಬಲ್ಲ ವೈದ್ಯರು ಇವನ್ನೆಲ್ಲ ಒಂದೊಂದಾಗಿ ಬದಿಗೆ ಸರಿಸಿಯೇ ಮುಂದಕ್ಕೆ ಹೋಗುತ್ತಾರೆ. ಹೀಗೆ ಸರಿಸಿದ ಮೇಲೆಯೂ ಉಳಿಯುವ ಗಂಟುಗಳಲ್ಲಿ ಕೆಲವು ಗಂತಿಗಳು. ಆ ಗಂತಿಗಳಲ್ಲಿ ತೀರ ಕೆಲವು ನರದ ಮೂಲದವು.

ಹೊಟ್ಟೆಯಲ್ಲಿ ನರ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ನಾವು ಬಯಸದಿದ್ದರೂ ಎದೆ ಬಡಿಯುತ್ತದೆ, ಕರುಳು ಚಲಿಸುತ್ತದೆ, ಹೆದರಿಕೆಯಾದಾಗ ರಕ್ತದ ಒತ್ತಡ ಏರುತ್ತದೆ. ಇವನ್ನು ನೋಡಿಕೊಳ್ಳುವ ನರಗಳ ಜಾಲವೊಂದು ದೇಹದಲ್ಲಿದೆ. ಅದರ ಒಂದು ಪಾಲಿಗೆ ವೈದ್ಯರು ಸಿಂಪಥೆಟಿಕ್ ನರಮಂಡಲ ಎಂದು ಹೆಸರಿಟ್ಟಿದ್ದಾರೆ. ಬೆನ್ನುಮೂಳೆಯ ಎರಡು ಪಕ್ಕಗಳಲ್ಲಿಯೂ ಇದರ ಗಂಟುಗಳು ಮಣಿಸರದಂತೆ ಸಾಲಾಗಿವೆ. ಹೊಟ್ಟೆಯ ದೊಡ್ಡ ರಕ್ತನಾಳಗಳ ಸುತ್ತಲೂ ಇಂತಹ ನರಗಂಟುಗಳಿವೆ. ಮೂತ್ರಪಿಂಡಗಳ ಬಳಿಯಲ್ಲಿ ಕುಳಿತ ಅಡ್ರಿನಲ್ ಎಂಬ ಪುಟ್ಟ ಗ್ರಂಥಿಗಳ ಒಳತಿರುಳು ಕೂಡ ಇದೇ ವಂಶಕ್ಕೆ ಸೇರಿದ್ದು.

ನಾಯಿಯ ಗರ್ಭಕಾಲ ಸುಮಾರು 63 ದಿನ. ಆ ಅವಧಿಯಲ್ಲಿ, ಮುಂದೆ ಮಿದುಳುಬಳ್ಳಿಯಾಗಲಿರುವ ಭಾಗದ ಅಂಚಿನಿಂದ ಕೆಲವು ಜೀವಕಣಗಳು ಹೊರಟು, ಭ್ರೂಣದ ಉದ್ದಗಲಕ್ಕೂ ಸಂಚರಿಸಿ, ತಮ್ಮ ತಮ್ಮ ಸ್ಥಾನಗಳಲ್ಲಿ ನೆಲೆಸುತ್ತವೆ. ನೆಲೆಸಿದ ಮೇಲೆ ಬೆಳೆದು, ಪಕ್ವವಾಗಿ, ನರಕಣಗಳಾಗುತ್ತವೆ. ಸಸಿಮಡಿಯಿಂದ ಕಿತ್ತು ತಂದ ಪೈರು ಗದ್ದೆಯಲ್ಲಿ ಬೇರೂರಿ ತೆನೆಯಾಗುವ ಹಾಗೆ. ಕೆಲವೊಮ್ಮೆ ಈ ಕಣಗಳಲ್ಲಿ ಒಂದು ಗುಂಪು ಪಕ್ವವಾಗದೆ ಎಳಸಾಗಿಯೇ ಉಳಿದು, ಲೆಕ್ಕತಪ್ಪಿ ಹೆಚ್ಚುತ್ತ ಹೋಗುತ್ತದೆ. ಆಗ ಹುಟ್ಟುವುದೇ ನ್ಯೂರೋಬ್ಲಾಸ್ಟೋಮ ಎಂಬ ಗಂತಿ. ಸಾಮಾನ್ಯವಾಗಿ ಗಂತಿಗಳು ವಯಸ್ಸಾದ ನಾಯಿಗಳನ್ನು ಹಿಡಿಯುತ್ತವೆ. ಬೆಳವಣಿಗೆಯ ಕಾಲದ ತಪ್ಪಿನಿಂದ ಹುಟ್ಟುವ ಇದು ಎಳೆಯ ನಾಯಿಗಳಲ್ಲಿಯೂ ತಲೆದೋರುವುದಕ್ಕೆ ಇದೇ ಕಾರಣ.

ಈ ಗಂತಿಯ ಪರಿಚಯ ನಮಗೆ ಮೊದಲು ಆದದ್ದು ಮನುಷ್ಯರ ಮಕ್ಕಳಲ್ಲಿ. 1864ರಲ್ಲಿ ಜರ್ಮನಿಯ ರುಡಾಲ್ಫ್ ವಿರ್ಚೋ ಎಂಬ ಪ್ರಸಿದ್ಧ ರೋಗಶಾಸ್ತ್ರಜ್ಞರು ಮಗುವೊಂದರ ಹೊಟ್ಟೆಯ ಗಂತಿಯನ್ನು ವರ್ಣಿಸಿ, ಅದಕ್ಕೆ ಗ್ಲಯೋಮ ಎಂದು ಹೆಸರಿಟ್ಟರು. ಆ ಹೆಸರು ನಿಲ್ಲಲಿಲ್ಲ. 1910ರಲ್ಲಿ ಅಮೆರಿಕದ ಬಾಸ್ಟನ್ ನಗರದ ಜೇಮ್ಸ್ ಹೋಮರ್ ರೈಟ್ ಎಂಬವರು ಇಂತಹ ಗಂತಿಗಳ ತುಣುಕುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಒಂದು ವಿಶೇಷವನ್ನು ಕಂಡರು. ಸಣ್ಣ ಸಣ್ಣ ದುಂಡುಕಣಗಳು, ನಡುವೆ ನವಿರಾದ ಎಳೆಗಳ ಮುದ್ದೆಯೊಂದನ್ನು ಬಿಟ್ಟು, ಅದರ ಸುತ್ತಲೂ ಹೂವಿನ ದಳಗಳಂತೆ ವೃತ್ತಾಕಾರವಾಗಿ ನಿಂತಿದ್ದವು. ಆ ಎಳೆಗಳು ನರತಂತುಗಳನ್ನು ಹೋಲುತ್ತಿದ್ದುದರಿಂದ, ಇವು ನರದ ಎಳೆಯ ಕಣಗಳೇ ಎಂದು ಅವರು ತೀರ್ಮಾನಿಸಿದರು. ಈ ಹೂಚಕ್ರಗಳಿಗೆ ಇಂದಿಗೂ ಅವರ ಹೆಸರೇ ಉಳಿದಿದೆ. ಪಶುವೈದ್ಯ ಪ್ರಯೋಗಾಲಯದಲ್ಲಿ ನಾಯಿಯ ಗಂತಿಯನ್ನು ನೋಡುವ ತಜ್ಞರೂ ಇದೇ ಚಕ್ರಗಳನ್ನು ಹುಡುಕುತ್ತಾರೆ.

1927ರಲ್ಲಿ ಹಾರ್ವಿ ಕುಷಿಂಗ್ ಮತ್ತು ವುಲ್ಬಾಕ್ ಎಂಬ ಇಬ್ಬರು ಇನ್ನೊಂದು ಸೋಜಿಗವನ್ನು ಪ್ರಕಟಿಸಿದರು. ಮಗುವೊಂದರಲ್ಲಿದ್ದ ಇಂತಹ ಕೇಡಿನ ಗಂತಿ ಕಾಲಕ್ರಮದಲ್ಲಿ ತಾನಾಗಿಯೇ ಪಕ್ವವಾಗಿ, ಸಾಧುಸ್ವಭಾವದ ಗಂತಿಯಾಗಿ ಬದಲಾಗಿತ್ತು! ಇದರಿಂದ ಒಂದು ಸಂಗತಿ ಸ್ಪಷ್ಟವಾಯಿತು: ಇವು ಬೇರೆ ಬೇರೆ ರೋಗಗಳಲ್ಲ, ಒಂದೇ ಏಣಿಯ ಮೆಟ್ಟಿಲುಗಳು. ಕೆಳಮೆಟ್ಟಿಲಲ್ಲಿ ಕಣಗಳೆಲ್ಲ ಎಳಸಾಗಿರುವ ನ್ಯೂರೋಬ್ಲಾಸ್ಟೋಮ. ಇದು ಕೇಡಿಗ, ಹರಡುವ ಸ್ವಭಾವದ್ದು. ಮೇಲಿನ ಮೆಟ್ಟಿಲಲ್ಲಿ ಕಣಗಳು ಬಲಿತು ನಿಂತಿರುವ ಗ್ಯಾಂಗ್ಲಿಯೊನ್ಯೂರೋಮ; ಇದು ಸಾಧು, ಇದ್ದಲ್ಲಿಯೇ ಬೆಳೆಯುವಂಥದ್ದು. ನಡುವೆ ಎರಡೂ ಬೆರೆತ ಗ್ಯಾಂಗ್ಲಿಯೊನ್ಯೂರೋಬ್ಲಾಸ್ಟೋಮ. ಆದರೆ ಆ ಮಗುವಿನ ಭಾಗ್ಯವನ್ನು ನೆನೆದು, ನಾಯಿಯ ಗಂತಿಯೂ ತಾನಾಗಿ ಸಾಧುವಾದೀತು ಎಂದು ಕಾದು ಕೂರತಕ್ಕದ್ದಲ್ಲ. ಅಂತಹ ಭರವಸೆ ಕೊಡುವ ಆಧಾರ ನಾಯಿಗಳಲ್ಲಿ ಇಲ್ಲ.

ಈಗ ಮೋತಿಯ ಬಳಿಗೆ ಹಿಂದಿರುಗೋಣ. ವೈದ್ಯರ ಮೊದಲ ಸಾಧನ ಯಂತ್ರವಲ್ಲ, ನಿಮ್ಮ ನೆನಪು. ಹೊಟ್ಟೆ ದಪ್ಪವಾಗಲು ತೊಡಗಿ ಎಷ್ಟು ದಿನವಾಯಿತು? ತೂಕ ಎಷ್ಟು ಇಳಿಯಿತು? ವಾಂತಿ, ಭೇದಿ ಉಂಟೆ? ಮೆಟ್ಟಿಲು ಹತ್ತುವಾಗ ಹಿಂಗಾಲು ತೊಡರುತ್ತದೆಯೆ? ಈ ಕೊನೆಯ ಪ್ರಶ್ನೆ ಮುಖ್ಯ. ಬೆನ್ನುಮೂಳೆಯ ಪಕ್ಕದ ನರಗಂಟಿನಲ್ಲಿ ಹುಟ್ಟಿದ ಗಂತಿ ಒಳಕ್ಕೆ ನುಸುಳಿ ಮಿದುಳುಬಳ್ಳಿಯನ್ನು ಒತ್ತಿದರೆ ಹಿಂಗಾಲುಗಳ ಬಲ ಕುಂದಬಹುದು. ಇವನ್ನೆಲ್ಲ ತಾರೀಖಿನೊಡನೆ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗುವುದು ಒಳ್ಳೆಯದು. ಮನೆಯಲ್ಲಿ ನೀವೇ ಹೊಟ್ಟೆಯನ್ನು ಮತ್ತೆ ಮತ್ತೆ ಒತ್ತಿ ನೋಡುವುದು ಮಾತ್ರ ಬೇಡ. ಕೆಲವು ಗಂತಿಗಳು ಒತ್ತಿದರೆ ಒಡೆದು ರಕ್ತ ಸುರಿಯುವುದುಂಟು.

ಎರಡನೆಯದು ರಕ್ತಪರೀಕ್ಷೆ. ಇದರಿಂದ ನರಗಂತಿ ಇದೆಯೆಂದು ತಿಳಿಯುವುದಿಲ್ಲ. ಆದರೂ ಇದು ಬೇಕು. ಉಣ್ಣೆಜ್ವರವಿದ್ದರೆ ಇಲ್ಲಿ ಸುಳಿವು ಸಿಗುತ್ತದೆ. ಯಕೃತ್ತು, ಮೂತ್ರಪಿಂಡಗಳ ಸ್ಥಿತಿ ತಿಳಿಯುತ್ತದೆ. ಮುಂದೆ ಅರಿವಳಿಕೆ ಕೊಡಬೇಕಾಗಿ ಬಂದರೆ ನಾಯಿ ತಾಳೀತೆ ಎಂಬುದೂ ಗೊತ್ತಾಗುತ್ತದೆ. ಮಕ್ಕಳಲ್ಲಿ ಈ ಗಂತಿಯನ್ನು ಶಂಕಿಸಿದಾಗ ಮೂತ್ರವನ್ನು ಪರೀಕ್ಷಿಸುತ್ತಾರೆ. ಗಂತಿಯ ಕಣಗಳು ಅಡ್ರಿನಲಿನ್ ಜಾತಿಯ ರಸಗಳನ್ನು ತಯಾರಿಸುವುದರಿಂದ ಅವುಗಳ ಉಳಿಕೆ ಮೂತ್ರದಲ್ಲಿ ಹೆಚ್ಚಾಗಿ ಕಾಣುತ್ತದೆ. ನಾಯಿಗಳಲ್ಲಿ ಈ ಬಗೆಯ ಪರೀಕ್ಷೆ ಹೆಚ್ಚಾಗಿ ನೆರವಿಗೆ ಬರುವುದು ಅಡ್ರಿನಲ್ ಗ್ರಂಥಿಯ ಇನ್ನೊಂದು ಗಂತಿಯಾದ ಫಿಯೊಕ್ರೊಮೊಸೈಟೋಮವನ್ನು ಗುರುತಿಸಲು. ಅದು ಸಾಧಾರಣವಾಗಿ ವಯಸ್ಸಾದ ನಾಯಿಗಳ ರೋಗ.

ಮೂರನೆಯದು ಚಿತ್ರಗಳು. ಕ್ಷಕಿರಣದ ಚಿತ್ರದಲ್ಲಿ ಗಂತಿಗಿಂತಲೂ ಅದು ಮಾಡಿರುವ ನೂಕಾಟವೇ ಚೆನ್ನಾಗಿ ಕಾಣುತ್ತದೆ. ನರಗಂಟುಗಳು ಹೊಟ್ಟೆಯ ಮೇಲ್ಛಾವಣಿಯಲ್ಲಿ, ಅಂದರೆ ಬೆನ್ನಿನ ಕಡೆಗೆ ಇರುವುದರಿಂದ, ಅಲ್ಲಿ ಬೆಳೆದ ಗಂತಿ ಕರುಳನ್ನು ಕೆಳಕ್ಕೆ ತಳ್ಳುತ್ತದೆ. ಎದೆಯ ಚಿತ್ರವನ್ನೂ ತೆಗೆಸಬೇಕು. ಪುಪ್ಪುಸಕ್ಕೆ ಹರಡಿದೆಯೆ ಎಂದು ನೋಡಲು. ಅಲ್ಟ್ರಾಸೌಂಡ್ ಯಂತ್ರ ಇನ್ನೂ ಒಳಕ್ಕೆ ಹೋಗಿ, ಗಂಟು ಗುಲ್ಮದ್ದೆ, ಮೂತ್ರಪಿಂಡದ್ದೆ, ಅಡ್ರಿನಲ್ ಗ್ರಂಥಿಯದ್ದೆ ಎಂಬುದನ್ನು ಬಹುಮಟ್ಟಿಗೆ ತಿಳಿಸುತ್ತದೆ. ಶಸ್ತ್ರಚಿಕಿತ್ಸೆಯ ಯೋಚನೆ ಇದ್ದರೆ ಸಿ.ಟಿ. ಸ್ಕ್ಯಾನ್ ಬಹಳ ಉಪಯುಕ್ತ. ನಾಯಿಯ ಬಲಗಡೆಯ ಅಡ್ರಿನಲ್ ಗ್ರಂಥಿ ದೇಹದ ಅತಿ ದೊಡ್ಡ ರಕ್ತನಾಳಗಳಲ್ಲೊಂದಕ್ಕೆ ಅಂಟಿಕೊಂಡಂತೆಯೇ ಇದೆ. ಗಂತಿ ಆ ನಾಳವನ್ನು ಒತ್ತಿದೆಯೊ, ಸುತ್ತಿದೆಯೊ, ಒಳಹೊಕ್ಕಿದೆಯೊ ಎಂಬುದನ್ನು ಕತ್ತಿ ಹಿಡಿಯುವ ಮೊದಲೇ ತಿಳಿದಿರಬೇಕು.

ಇಷ್ಟಾದ ಮೇಲೆ ಗಂತಿ ಎಲ್ಲಿದೆ, ಎಷ್ಟು ದೊಡ್ಡದು ಎಂಬುದು ತಿಳಿಯಿತು. ಏನು ಎಂಬುದು ತಿಳಿಯಲಿಲ್ಲ! ಮೂತ್ರಪಿಂಡದಲ್ಲಿ ಎಳೆಯ ವಯಸ್ಸಿನಲ್ಲೇ ಹುಟ್ಟುವ ನೆಫ್ರೋಬ್ಲಾಸ್ಟೋಮ, ದುಗ್ಧರಸ ಗ್ರಂಥಿಗಳ ಲಿಂಫೋಮ, ನರದ ನ್ಯೂರೋಬ್ಲಾಸ್ಟೋಮ: ಚಿತ್ರದಲ್ಲಿ ಮೂರೂ ಬೂದುಬಣ್ಣದ ಮುದ್ದೆಗಳಾಗಿಯೇ ಕಾಣಬಹುದು. ಆದ್ದರಿಂದ ನಾಲ್ಕನೆಯ ಹೆಜ್ಜೆ.

ಅಲ್ಟ್ರಾಸೌಂಡಿನಲ್ಲಿ ನೋಡುತ್ತ, ತೆಳ್ಳನೆಯ ಸೂಜಿಯೊಂದನ್ನು ಗಂತಿಗೆ ಚುಚ್ಚಿ, ಕೆಲವು ಕಣಗಳನ್ನು ಹೀರಿ, ಗಾಜಿನ ಪಟ್ಟಿಯ ಮೇಲೆ ಸವರಿ, ಬಣ್ಣ ಹಾಕಿ ನೋಡುತ್ತಾರೆ. ಹೀಗೆ ಬಳಸುವ ಬಣ್ಣಗಳಲ್ಲಿ ಹೆಸರಾದ ಒಂದನ್ನು ಸಿದ್ಧಪಡಿಸಿದವರೂ ಮೇಲೆ ಹೇಳಿದ ರೈಟ್ ಅವರೇ, 1902ರಲ್ಲಿ. ಚುಚ್ಚುವ ಮುನ್ನ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೂ, ಗಂತಿ ಅಡ್ರಿನಲ್ ಬಳಿ ಇದ್ದರೆ ರಕ್ತದ ಒತ್ತಡವನ್ನೂ ನೋಡಿಕೊಳ್ಳಬೇಕು. ಈ ಪರೀಕ್ಷೆ ಸುಲಭ. ಆದರೆ ಒಂದು ಮಿತಿಯುಂಟು. ಬಲಿಯದ ನರಕಣ ನೋಡಲು ಸಣ್ಣದು, ದುಂಡಗಿನದು, ಗಾಢನೀಲಿ ಬಣ್ಣ ಹಿಡಿಯುವಂಥದ್ದು. ಲಿಂಫೋಮದ ಕಣವೂ ಹಾಗೆಯೇ! ತೆನೆ ಬರುವ ಮುನ್ನ ಭತ್ತದ ಪೈರನ್ನೂ ಕಳೆಯನ್ನೂ ದೂರದಿಂದ ಬೇರ್ಪಡಿಸಲು ಯಾರಿಗೆ ಆದೀತು? ಕಣಗಳು ಬಿಡಿಬಿಡಿಯಾಗಿ ಬರುವುದರಿಂದ ಆ ಹೂಚಕ್ರದ ಜೋಡಣೆಯೂ ಇಲ್ಲಿ ಚೆದರಿಹೋಗಿರಬಹುದು. ಸೂಜಿಯ ಪರೀಕ್ಷೆ ಶಂಕೆಯನ್ನು ಬಲಪಡಿಸುತ್ತದೆ; ಈ ಗಂತಿಗಳಲ್ಲಿ ಕೊನೆಯ ಮಾತು ಹೇಳುವುದು ಅಪರೂಪ.

ಕೊನೆಯ ಮಾತು ಹೇಳಬೇಕಾದದ್ದು ಬಯಾಪ್ಸಿ, ಅಂದರೆ ಗಂತಿಯ ಮಾಂಸದ ತುಣುಕಿನ ಪರೀಕ್ಷೆ. ತುಣುಕನ್ನು ತೆಗೆದ ಕೂಡಲೇ ಅದರ ಹತ್ತರಷ್ಟು ಫಾರ್ಮಲಿನ್ ದ್ರಾವಣದಲ್ಲಿ, ಅಗಲ ಬಾಯಿಯ ಸೀಸೆಯಲ್ಲಿ ಹಾಕಿಡುತ್ತಾರೆ. ಅದನ್ನು ಮೇಣದಲ್ಲಿ ಅಚ್ಚುಹಾಕಿ, ಕೂದಲೆಳೆಗಿಂತ ತೆಳ್ಳಗೆ ಕೊಯ್ದು, ಬಣ್ಣವೇರಿಸಿ ನೋಡಿದಾಗ ಕಣಗಳು ಒಂದರ ಪಕ್ಕ ಒಂದು ಹೇಗೆ ಕೂತಿವೆಯೆಂಬುದು ಕಾಣುತ್ತದೆ. ಹೂಚಕ್ರಗಳಿವೆಯೆ? ನವಿರಾದ ಎಳೆಗಳಿವೆಯೆ? ನಡುನಡುವೆ ದೊಡ್ಡದಾಗಿ ಬಲಿತ ನರಕಣಗಳಿವೆಯೆ? ಒಂದೇ ಚಿಕ್ಕ ಚೂರು ಇಲ್ಲಿ ಮೋಸಮಾಡಬಹುದು. ಬೆರಕೆ ಗಂತಿಯಲ್ಲಿ ಒಂದು ಮೂಲೆ ಸಾಧುವಾಗಿಯೂ ಇನ್ನೊಂದು ಮೂಲೆ ಕೇಡಾಗಿಯೂ ಇರುತ್ತದೆ. ಆದ್ದರಿಂದ ಹಲವು ಕಡೆಯ ಚೂರುಗಳನ್ನು, ಸಾಧ್ಯವಾದರೆ ಹೊರತೆಗೆದ ಗಂತಿಯನ್ನು ಪೂರ್ತಿಯಾಗಿ ಕಳುಹಿಸುವುದು ಮೇಲು.

ಇಲ್ಲಿಯೂ ಸಂದೇಹ ಉಳಿದರೆ ಪ್ರತಿಕಾಯಗಳ ಪರೀಕ್ಷೆ ಉಂಟು. ಒಂದೊಂದು ಜಾತಿಯ ಕಣದಲ್ಲಿ ಅದಕ್ಕೇ ವಿಶೇಷವಾದ ಕೆಲವು ಪ್ರೋಟೀನುಗಳಿರುತ್ತವೆ. ಅವನ್ನೇ ಅರಸಿ ಹಿಡಿಯುವ ಪ್ರತಿಕಾಯಗಳನ್ನು ತುಣುಕಿನ ಮೇಲೆ ಹರಿಯಬಿಟ್ಟು, ಹಿಡಿದಲ್ಲಿ ಕಂದುಬಣ್ಣ ಮೂಡುವಂತೆ ಮಾಡುತ್ತಾರೆ. ಸಿನಾಪ್ಟೊಫೈಸಿನ್, ಕ್ರೋಮೊಗ್ರಾನಿನ್, ನ್ಯೂರೋಫಿಲಮೆಂಟ್ ಎಂಬವಕ್ಕೆ ಬಣ್ಣ ಬಂದರೆ ಕಣ ನರದ ವಂಶದ್ದೆಂಬ ಮಾತಿಗೆ ಬಲ ಬರುತ್ತದೆ, ಸಿ.ಡಿ. 3, ಸಿ.ಡಿ. 79ಎ ಎಂಬವಕ್ಕೆ ಬಂದರೆ ಲಿಂಫೋಮದ ಕಡೆಗೆ ತಿರುಗಬೇಕು. ಎಳಸುಕಣಗಳು ಕೆಲವೊಮ್ಮೆ ಎಲ್ಲ ಗುರುತನ್ನೂ ತೋರುವುದಿಲ್ಲ. ಆದಕಾರಣ ಒಂದೇ ಬಣ್ಣವನ್ನು ನಂಬದೆ, “ಇದು ಹೌದು” ಎನ್ನುವ ಸಾಕ್ಷಿಗಳನ್ನೂ “ಅದು ಅಲ್ಲ” ಎನ್ನುವ ಸಾಕ್ಷಿಗಳನ್ನೂ ಒಟ್ಟಿಗೆ ಕರೆದು ವಿಚಾರಿಸಬೇಕು. ಹೆಬ್ಬಾಳದಲ್ಲಿ 1958ರಲ್ಲಿ ಆರಂಭವಾದ ಪಶುವೈದ್ಯ ಕಾಲೇಜು, ಬೀದರ್, ಶಿವಮೊಗ್ಗ, ಹಾಸನಗಳ ಕಾಲೇಜುಗಳು ನಮ್ಮ ರಾಜ್ಯದಲ್ಲಿವೆ. ನಿಮ್ಮೂರಿನ ವೈದ್ಯರು ತುಣುಕನ್ನು ಎಲ್ಲಿಗೆ ಕಳುಹಿಸುವುದು ಸೂಕ್ತವೆಂದು ಅಂತಹ ಕಡೆ ವಿಚಾರಿಸಿಕೊಳ್ಳಬಹುದು.

ಇಷ್ಟೆಲ್ಲ ಓದಿ, “ಹೆಸರು ಯಾವುದಾದರೇನು, ಗಂತಿ ಗಂತಿಯೇ ಅಲ್ಲವೆ?” ಎಂದು ನೀವು ಕೇಳಬಹುದು. ಅಲ್ಲ. ಲಿಂಫೋಮವಾಗಿದ್ದರೆ ಬಹುಪಾಲು ಕತ್ತಿಯ ಕೆಲಸವಿಲ್ಲ. ಔಷಧಗಳಿಂದ ಅದನ್ನು ಕೆಲಕಾಲ ಹಿಡಿದಿಡಬಹುದು. ನೆಫ್ರೋಬ್ಲಾಸ್ಟೋಮ ಒಂದೇ ಮೂತ್ರಪಿಂಡದಲ್ಲಿದ್ದು ಹರಡಿಲ್ಲವಾದರೆ ಆ ಮೂತ್ರಪಿಂಡವನ್ನೇ ತೆಗೆಯುವ ವಿಚಾರ ಬರುತ್ತದೆ. ಗ್ಯಾಂಗ್ಲಿಯೊನ್ಯೂರೋಮವನ್ನು ಪೂರ್ತಿಯಾಗಿ ತೆಗೆದರೆ ನಾಯಿ ಉಳಿದು ಬಾಳಬಹುದು; ಅದನ್ನು ಕ್ಯಾನ್ಸರೆಂದು ಬಗೆದು ಕೈಬಿಟ್ಟಿದ್ದರೆ ಬದುಕಬಹುದಾಗಿದ್ದ ಜೀವ ಹೋದಂತೆ. ನ್ಯೂರೋಬ್ಲಾಸ್ಟೋಮವಾಗಿದ್ದು, ಯಕೃತ್ತಿಗೊ ದುಗ್ಧರಸ ಗ್ರಂಥಿಗಳಿಗೊ ಹರಡಿದ್ದರೆ, ಮುಂದಿನ ದಾರಿ ಕಿರಿದು. ನಾಯಿಗಳಲ್ಲಿ ಇದರ ವರದಿಗಳು ಕಡಿಮೆಯಾದ್ದರಿಂದ ಇಂಥದೇ ಚಿಕಿತ್ಸೆ ಸರಿಯೆಂದು ಗೊತ್ತುಪಡಿಸಿದ ಕ್ರಮವೂ ಇಲ್ಲ. ಆದರೆ ಅದನ್ನು ತಿಳಿದು ಮಾಡುವ ತೀರ್ಮಾನಕ್ಕೂ ತಿಳಿಯದೆ ಮಾಡುವ ತೀರ್ಮಾನಕ್ಕೂ ಅಂತರವಿದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ರೋಗದ ಹೆಸರು ಹಿಡಿಯುವ ಮೊದಲು, “ತಾತ್ಕಾಲಿಕವಾಗಿ ಚೇತರಿಸಿಕೊಳ್ಳಲಿ” ಎಂದು ಸ್ಟಿರಾಯ್ಡ್ ಔಷಧವನ್ನು ನೀವಾಗಿ ಕೇಳಬೇಡಿ, ಅಂಗಡಿಯಿಂದ ತಂದು ಕೊಡಲೂ ಬೇಡಿ. ಅದರಿಂದ ನಾಯಿಗೆ ಎರಡು ದಿನ ಹಸಿವೆ ಬರುತ್ತದೆ, ಗೆಲುವು ಕಾಣುತ್ತದೆ, ಮನೆಯವರಿಗೆ ಸಮಾಧಾನವಾಗುತ್ತದೆ. ಆದರೆ ಲಿಂಫೋಮದ ಕಣಗಳು ಆ ಔಷಧಕ್ಕೆ ಕುಗ್ಗಿ ಅಡಗಿಬಿಡುತ್ತವೆ. ಆ ಮೇಲೆ ತೆಗೆದ ತುಣುಕು ಸರಿಯಾದ ಸಾಕ್ಷಿ ಹೇಳಲಾರದು. ಮುಂದಿನ ಚಿಕಿತ್ಸೆಯೂ ಕಷ್ಟವಾಗುತ್ತದೆ. ಮೊದಲು ತುಣುಕು, ಆಮೇಲೆ ಔಷಧ: ಈ ಕ್ರಮ ತಪ್ಪಕೂಡದು. ಇನ್ನು ಒಸಡು ಬಿಳಿಚಿಕೊಂಡು ಕುಸಿದುಬಿದ್ದರೆ, ವಾಂತಿ ನಿಲ್ಲದಿದ್ದರೆ, ಹಿಂಗಾಲು ಇದ್ದಕ್ಕಿದ್ದಂತೆ ಬಿದ್ದುಹೋದರೆ ಯಾವ ಪರೀಕ್ಷೆಯ ಸರದಿಯನ್ನೂ ಕಾಯದೆ ಆ ಗಳಿಗೆಯೇ ವೈದ್ಯರ ಬಳಿಗೆ ಒಯ್ಯಬೇಕು.

ಈ ಹೆಜ್ಜೆಗಳೆಲ್ಲವೂ ಎಲ್ಲ ಮನೆಗಳಿಗೂ ಸಾಧ್ಯವಲ್ಲ. ಸಿ.ಟಿ. ಸ್ಕ್ಯಾನಿಗಾಗಿ ದೊಡ್ಡ ಊರಿಗೆ ಹೋಗಬೇಕಾದೀತು. ಖರ್ಚು ತಿಂಗಳ ಸಂಬಳವನ್ನು ಮೀರೀತು. ಅದನ್ನು ವೈದ್ಯರ ಮುಂದೆ ಮುಚ್ಚುಮರೆಯಿಲ್ಲದೆ ಹೇಳುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. “ನಮ್ಮ ಕೈಲಿ ಇಷ್ಟು ಆದೀತು, ಇದರಲ್ಲಿ ಯಾವ ಪರೀಕ್ಷೆ ಮಾಡಿದರೆ ಹೆಚ್ಚು ತಿಳಿಯುತ್ತದೆ?” ಎಂದು ಕೇಳಿ. ಎದೆಯ ಚಿತ್ರ, ಹೊಟ್ಟೆಯ ಅಲ್ಟ್ರಾಸೌಂಡ್, ಸೂಜಿಯ ಪರೀಕ್ಷೆ ಇಷ್ಟರಿಂದಲೇ ದಾರಿ ಅರ್ಧ ಸ್ಪಷ್ಟವಾಗುವುದುಂಟು. ರೋಗ ಹರಡಿದ್ದು ಖಚಿತವಾಗಿ, ನಾಯಿಗೆ ನೋವು ಹೆಚ್ಚಿ, ಇನ್ನು ಎಳೆಯಬಾರದೆಂದು ವೈದ್ಯರು ಹೇಳಿದರೆ, ನೋವಿಲ್ಲದ ಕೊನೆಯನ್ನು ಕೊಡಿಸುವುದೂ ಸಾಕಿದವರ ಕರ್ತವ್ಯದಲ್ಲಿ ಸೇರಿದ್ದೇ.

ಹಾಗೆ ಕಳೆದುಕೊಂಡಾಗ, ಮನಸ್ಸು ಒಪ್ಪಿದರೆ, ಮರಣೋತ್ತರ ಪರೀಕ್ಷೆಗೆ ಅನುಮತಿ ಕೊಡಿ. ದೇಹವನ್ನು ತಂಪಾದ ಕಡೆ ಇರಿಸಿ, ತಡಮಾಡದೆ ಒಯ್ಯಬೇಕು. ಹೆಪ್ಪುಗಟ್ಟಿಸಿದರೆ ಕಣಗಳು ಕೆಟ್ಟುಹೋಗುತ್ತವೆ. ಅಪರೂಪದ ರೋಗ ಅಪರೂಪವಾಗಿಯೇ ಉಳಿಯುವುದಕ್ಕೆ ಅದನ್ನು ಹುಡುಕದೆ ಬಿಡುವುದೂ ಒಂದು ಕಾರಣ. “ಏನೋ ಗಂತಿಯಂತೆ, ಹೋಯಿತು” ಎಂಬಲ್ಲಿಗೆ ಮಾತು ಮುಗಿದರೆ ಆ ನಾಯಿಯ ಕಥೆ ನಿಮ್ಮ ಮನೆಯಲ್ಲಿಯೇ ಉಳಿಯುತ್ತದೆ. ಹೆಸರು ಹಿಡಿದು ಬರೆದಿಟ್ಟರೆ, ಮುಂದೆ ಇನ್ನೊಂದು ಊರಿನಲ್ಲಿ ಇನ್ನೊಬ್ಬ ವೈದ್ಯರ ಕೈಗೆ ಅಂಥದೇ ಗಂಟು ಸಿಕ್ಕಾಗ ಅವರಿಗೆ ಅದು ದಾರಿದೀಪವಾಗುತ್ತದೆ.

ಮೋತಿ ಕಲ್ಪನೆಯ ನಾಯಿ. ಅದರ ಗಂಟು ಏನೆಂಬುದನ್ನು ನಾನು ಹೇಳಹೋಗುವುದಿಲ್ಲ. ಹುಳುವಿನ ಮಾತ್ರೆಗೆ ಇಳಿಯದ ಹೊಟ್ಟೆಯನ್ನು ನಿಮ್ಮ ಮನೆಯ ನಾಯಿಯಲ್ಲಿ ಎಂದಾದರೂ ಕಂಡರೆ, ಇನ್ನೊಂದು ಮಾತ್ರೆ ತರಲು ಹೊರಡುವ ಬದಲು ನಾಯಿಯನ್ನೇ ಹೊರಡಿಸಿರಿ. ವೈದ್ಯರು ಏನೋ ಕೈಗೆ ಸಿಗುತ್ತಿದೆ ಎಂದಾಗ ಎದೆಗುಂದದೆ, “ಅದರ ಹೆಸರು ತಿಳಿಯುವುದು ಹೇಗೆ?” ಎಂದು ಕೇಳಿರಿ. ಮುಂದಿನ ಕೆಲಸಕ್ಕೆಲ್ಲ ಆ ಪ್ರಶ್ನೆಯೇ ಮೊದಲು.